ಹೊಸ ಡಿಸ್ಕ್ ಹಾಕುವ ಮೊದಲು ಹಬ್ ಉಜ್ಜಿ

"ರೀ, ಸ್ಟೇರಿಂಗ್ ಯಾಕೆ ಹಾಗೆ ನಡುಗ್ತಾ ಇದೆ?" ಅಂತ ಹೆಂಡತಿ ಕೇಳಿದ್ದು ಆಗುಂಬೆ ಘಾಟಿ ಇಳಿಯುವಾಗ. ಅವಳ ತವರು ತೀರ್ಥಹಳ್ಳಿ, ನಮ್ಮ ಮನೆ ಉಡುಪಿ ಹತ್ತಿರ. ತಿಂಗಳಿಗೊಮ್ಮೆಯಾದರೂ ಆ 14 ಹೇರ್‌ಪಿನ್ ತಿರುವು ಹತ್ತಿ ಇಳಿಯುವುದು ಇದ್ದದ್ದೇ. ಬ್ರೇಕ್ ಒತ್ತಿದಾಗ ಕಾಲಡಿಯಲ್ಲಿ ಪೆಡಲ್ ಗುದ್ದಿದ ಹಾಗೆ ಆಗುತ್ತಿತ್ತು, ಸ್ಟೇರಿಂಗ್ ಎರಡೂ ಕೈಯಲ್ಲಿ ಅದುರುತ್ತಿತ್ತು. ನನಗೆ ಇದು ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಆದರೆ ಪಕ್ಕದಲ್ಲಿ ಕೂತವರಿಗೂ ಕಾಣುವಷ್ಟು ಜಾಸ್ತಿ ಆಗಿದೆ ಅಂತ ಆವತ್ತೇ ಗೊತ್ತಾಯಿತು.

ಗಾಡಿ 2014ರ ಸ್ವಿಫ್ಟ್, ಪೆಟ್ರೋಲ್, ಆಗ 92,000 ಕಿ.ಮೀ. ಓಡಿತ್ತು. ಈ ಅದುರುವ ಕಾಯಿಲೆ ಮೊದಲನೇ ಸಲ ಬಂದದ್ದಲ್ಲ. 70,000ದ ಹತ್ತಿರ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ), ಅದನ್ನು ಎರಡು ಕಡೆಯಿಂದ ಒತ್ತುವ ಪ್ಯಾಡ್ ಹೊಸದು ಹಾಕಿಸಿದ್ದೆ. ನಾಲ್ಕೈದು ತಿಂಗಳು ಬೆಣ್ಣೆಯಂತೆ ಇತ್ತು. ಆಮೇಲೆ ಸಣ್ಣಗೆ ಶುರುವಾಗಿ 78,000ಕ್ಕೆ ಮತ್ತೆ ಅದೇ ಕಥೆ. ಹೋಗಿ ಕೇಳಿದರೆ "ಡಿಸ್ಕ್ ಬೆಂಡ್ ಆಗಿದೆ ಸಾರ್, ನೀವು ಘಾಟಿಯಲ್ಲಿ ಬ್ರೇಕ್ ಬಿಸಿ ಮಾಡಿ ಆಮೇಲೆ ನೀರಲ್ಲಿ ಓಡಿಸಿರ್ತೀರಿ" ಅಂದರು. ಲೇತಿನಲ್ಲಿ ಕೆರೆಸಿ ಮತ್ತೆ ಹಾಕಿದರು. ಅದೂ ಆರು ತಿಂಗಳು. ಈಗ ಮೂರನೇ ಸಲ.

ಒಂದೇ ತೊಂದರೆ ಮೂರು ಸಲ ಬಂದರೆ ಬದಲಾಯಿಸುತ್ತಿರುವ ಸಾಮಾನಿನಲ್ಲಿ ತೊಂದರೆ ಇಲ್ಲ, ಬದಲಾಯಿಸದೇ ಬಿಟ್ಟದ್ದರಲ್ಲಿ ಇದೆ ಅಂತ ನನಗೆ ಅನ್ನಿಸಿತು. ಹಾಗಾಗಿ ಈ ಸಲ ನಾನೇ ಬಿಚ್ಚಿ ನೋಡುವುದು ಅಂತ ತೀರ್ಮಾನ ಮಾಡಿದೆ. ಮಳೆ ಬಿಟ್ಟ ಮೇಲೆ, ನವೆಂಬರಿನ ಒಂದು ಶನಿವಾರ. ಸ್ಕೂಟರಿನ ಬ್ರೇಕ್ ಶೂ, ಈ ಕಾರಿನದೇ ಪ್ಯಾಡ್ ಹಿಂದೆ ಒಮ್ಮೆ ಹಾಕಿದ್ದೇನೆ. ಡಿಸ್ಕ್ ಮಾತ್ರ ಇದೇ ಮೊದಲು.

ಮಣಿಪಾಲದ ಕಡೆ ಲೇತ್ ಶಾಪ್ ಇಟ್ಟುಕೊಂಡಿರುವ ಗೆಳೆಯನಿಗೆ ಫೋನ್ ಮಾಡಿದೆ. "ಡಿಸ್ಕ್ ಬೆಂಡ್ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ ಮಾರಾಯಾ, ನಾನು ಇಷ್ಟು ವರ್ಷದಲ್ಲಿ ನಿಜವಾಗಿ ಬೆಂಡ್ ಆದದ್ದು ಕಂಡದ್ದು ಕಡಿಮೆ. ನೀನು ಮೊದಲು ಅಳೆದು ನೋಡು" ಅಂದು ಓಲಾಟ ಅಳೆಯುವ ಒಂದು ಡಯಲ್ ಗೇಜು, ಅದರ ಮ್ಯಾಗ್ನೆಟ್ ಸ್ಟ್ಯಾಂಡು, ದಪ್ಪ ಅಳೆಯುವ ಒಂದು ಮೈಕ್ರೋಮೀಟರು ಕೊಟ್ಟು ಕಳಿಸಿದ. ಈ ಮೂರು ಸಾಮಾನು ಇಲ್ಲದಿದ್ದರೆ ನಾನೂ ಸುಮ್ನೆ ಹೊಸ ಡಿಸ್ಕ್ ಹಾಕಿ, ನಾಲ್ಕು ತಿಂಗಳು ಖುಷಿಪಟ್ಟು, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಸಾಮಾನಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಕಂಪನಿಯದೇ ಡಿಸ್ಕ್ ಜೋಡಿ, ಪ್ಯಾಡ್ ಸೆಟ್, ಬ್ರೇಕ್ ಕ್ಲೀನರ್ ಸ್ಪ್ರೇ ಎರಡು ಡಬ್ಬಿ, ಪಿನ್ನಿಗೆ ಹಾಕುವ ಸಿಲಿಕೋನ್ ಗ್ರೀಸ್ ಒಂದು ಟ್ಯೂಬು. ಎಲ್ಲಾ ಸೇರಿ ಆರು ಸಾವಿರದ ಒಳಗೆ ಮುಗಿಯಿತು. ಡಿಸ್ಕ್ ಯಾವಾಗಲೂ ಜೋಡಿಯಾಗಿಯೇ ತಗೊಳ್ಳಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವ ಸಾಧ್ಯತೆ ಇದೆ. ಹಾಗೆಯೇ ಹೊಸ ಡಿಸ್ಕಿಗೆ ಹಳೇ ಪ್ಯಾಡ್ ಹಾಕುವ ಉಳಿತಾಯ ಬೇಡ. ಹಳೇ ಡಿಸ್ಕಿನ ಗೀರಿಗೆ ತಕ್ಕ ಹಾಗೆ ಸವೆದ ಪ್ಯಾಡು ಹೊಸ ಡಿಸ್ಕ್ ಮೇಲೆ ಪೂರ್ತಿ ಕೂರುವುದಿಲ್ಲ.

ಅಂಗಳದಲ್ಲಿ ಸಿಮೆಂಟ್ ಹಾಕಿದ ಕಡೆ ಗಾಡಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಮರದ ತುಂಡು ಕೊಟ್ಟೆ. ಈ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್ಮಿಗೆ ಇರುವುದರಿಂದ ಮುಂದಿನ ಚಕ್ರ ಎತ್ತಿದರೂ ಅದು ಹಿಡಿದಿರುತ್ತದೆ. ಆದರೂ ತುಂಡು ಬೇಕೇ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ನಮ್ಮ ಕಡೆ ಗಾಡಿ ಎತ್ತಿದ ಮೇಲೆ ಅಡಿಗೆ ಕೆಂಪುಕಲ್ಲು, ಅಂದರೆ ಮುರಕಲ್ಲು, ಇಡುವ ಅಭ್ಯಾಸ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮುರಕಲ್ಲು ಗೋಡೆಗೆ ಗಟ್ಟಿ, ಆದರೆ ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗಿ ಉದುರುತ್ತದೆ. ಗಾಡಿ ಜೊತೆ ಬರುವ ಜಾಕ್ ಕೂಡ ಟಯರ್ ಬದಲಾಯಿಸಲಿಕ್ಕೆ ಮಾತ್ರ. ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಬಿಚ್ಚಿದ ಚಕ್ರವನ್ನು ಬಾಡಿ ಅಡಿಗೆ ಮಲಗಿಸಿಟ್ಟೆ. ಏನಾದರೂ ಜಾರಿದರೂ ಗಾಡಿ ಚಕ್ರದ ಮೇಲೆ ಬೀಳಲಿ, ಕೈ ಮೇಲೆ ಬೇಡ.

ಮೊದಲು ಎಡಗಡೆ. ಚಕ್ರದ ನಟ್ಟು ನಾಲ್ಕು, ನೆಲದ ಮೇಲೆ ಇರುವಾಗಲೇ ಸಡಿಲ ಮಾಡಿಕೊಂಡಿದ್ದೆ. ಚಕ್ರ ತೆಗೆದ ಕೂಡಲೇ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಸುತ್ತಲೂ ಒಂದು ಹಳೇ ಬಟ್ಟೆ ಕಟ್ಟಿದೆ. ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಆಮೇಲೆ ಹಿಂದೆ ತಳ್ಳುವಾಗ ಆಯಿಲ್ ಮೇಲೆ ಬರುತ್ತದೆ, ತುಂಬಿ ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ. ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಬೇಕು.

ಪಿಸ್ಟನ್ ಇರುವ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹಿಂದೆ ಎರಡು ಬೋಲ್ಟು, 14 ನಂಬರ್ ಪಾನಾ. ಕೆಳಗಿನದು ಬಿಚ್ಚಿ ಮೇಲೆತ್ತಿದರೂ ಪ್ಯಾಡ್ ತೆಗೆಯಬಹುದು, ಆದರೆ ಡಿಸ್ಕ್ ತೆಗೆಯಬೇಕಾದ ಕಾರಣ ಎರಡೂ ಬಿಚ್ಚಿ ಕ್ಯಾಲಿಪರನ್ನು ಮೇಲಿನ ಸ್ಪ್ರಿಂಗಿಗೆ ಬೈಂಡಿಂಗ್ ವೈರಿನಲ್ಲಿ ಕಟ್ಟಿದೆ. ಅದು ಬ್ರೇಕ್ ಪೈಪಿನ ಮೇಲೆ ನೇತಾಡಬಾರದು. ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹರಿದರೆ ಗೊತ್ತಾಗುವುದಿಲ್ಲ.

ಪ್ಯಾಡ್ ಕೈಗೆ ಬಂದಾಗಲೇ ಮೊದಲ ಸುಳಿವು ಸಿಕ್ಕಿತು. ಹೊರಗಿನ ಪ್ಯಾಡಿನಲ್ಲಿ 5 ಮಿ.ಮೀ. ಉಳಿದಿತ್ತು, ಒಳಗಿನದರಲ್ಲಿ 2 ಮಾತ್ರ. ಒಂದೇ ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುವ ಜೋಡಿ ಇದು, ಇಷ್ಟು ವ್ಯತ್ಯಾಸ ಬರಬಾರದು. ಈ ತರದ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ, ಒಳಗಡೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ ಜಾರದಿದ್ದರೆ ಒಳಗಿನದೇ ಎಲ್ಲಾ ಕೆಲಸ ಮಾಡುತ್ತದೆ, ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಾ ಇರುತ್ತದೆ. ಕೆಳಗಿನ ಪಿನ್ ಹಿಡಿದು ತಿರುಗಿಸಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಾನಾ ಹಾಕಿ ಅತ್ತಿತ್ತ ತಿರುಗಿಸುತ್ತಾ ಎಳೆದಾಗ ಹೊರಗೆ ಬಂತು. ಒಳಗಿದ್ದ ಗ್ರೀಸ್ ಒಣಗಿ ಕಪ್ಪು ಮಯಣದ ತರ ಆಗಿತ್ತು. ಯಾರೋ ಸಾದಾ ಗ್ರೀಸ್ ಹಾಕಿದ್ದರು ಅಂತ ಅದರ ರಬ್ಬರ್ ನೋಡಿದರೆ ಗೊತ್ತಾಗುತ್ತಿತ್ತು, ಉಬ್ಬಿ ಮೆತ್ತಗಾಗಿತ್ತು. ಪೆಟ್ರೋಲಿಯಂ ಗ್ರೀಸಿಗೂ ಈ ರಬ್ಬರಿಗೂ ಆಗಿಬರುವುದಿಲ್ಲ. ಸಿಲಿಕೋನ್ ಗ್ರೀಸೇ ಬೇಕು.

ಈಗ ಡಿಸ್ಕ್ ತೆಗೆಯುವ ಮೊದಲು ಅಳತೆ. ಇದನ್ನು ಯಾರೂ ಬಿಡಬಾರದು, ಯಾಕೆಂದರೆ ಬಿಚ್ಚಿದ ಮೇಲೆ ಸಾಕ್ಷಿ ಹೋಗಿಬಿಡುತ್ತದೆ. ಚಕ್ರದ ನಟ್ಟುಗಳನ್ನೇ ಅಡಿಗೆ ದಪ್ಪ ವಾಷರ್ ಕೊಟ್ಟು ಡಿಸ್ಕ್ ಮೇಲೆ ಬಿಗಿದೆ, ಚಕ್ರ ಇದ್ದಾಗ ಹೇಗೆ ಒತ್ತಿ ಕೂತಿರುತ್ತದೋ ಹಾಗೆ. ಗೇಜಿನ ಮ್ಯಾಗ್ನೆಟ್ಟನ್ನು ಹಬ್ಬಿನ (ಡಿಸ್ಕೂ ಚಕ್ರವೂ ಬಂದು ಕೂರುವ ಭಾಗ) ಹಿಂದಿನ ಎರಕದ ಭಾಗಕ್ಕೆ ಅಂಟಿಸಿ, ಮುಳ್ಳನ್ನು ಡಿಸ್ಕಿನ ಹೊರ ಅಂಚಿನಿಂದ ಒಂದು ಸೆಂ.ಮೀ. ಒಳಗೆ ತಾಗಿಸಿದೆ. ಡಿಸ್ಕ್ ತಿರುಗಿಸಲಿಕ್ಕೆ ಗಾಡಿ ನ್ಯೂಟ್ರಲ್‌ನಲ್ಲಿ ಇರಬೇಕು. ಹಿಂದೆ ಮರದ ತುಂಡು ಬೇಕು ಅಂದದ್ದು ಇದಕ್ಕೇ.

ಮಗನನ್ನು ಕರೆದೆ. "ನೀನು ಮುಳ್ಳು ನೋಡು, ನಾನು ತಿರುಗಿಸ್ತೇನೆ, ಎಲ್ಲಿಂದ ಎಲ್ಲಿಗೆ ಹೋಗ್ತದೆ ಹೇಳು." ಆರನೇ ಕ್ಲಾಸ್ ಹುಡುಗ, ಕಣ್ಣು ಮಿಟುಕಿಸದೆ ನೋಡಿದ. "ಅಪ್ಪಾ, ಸೊನ್ನೆಯಿಂದ ಹದಿನಾಲ್ಕು ಗೀಟು. ಇನ್ನೊಂದ್ಸಲ ತಿರುಗ್ಸು... ಹೌದು, ಹದಿನಾಲ್ಕು." ಒಂದು ಗೀಟು ಅಂದರೆ 0.01 ಮಿ.ಮೀ. ಅಂದರೆ ಡಿಸ್ಕ್ ಒಂದು ಸುತ್ತಿನಲ್ಲಿ 0.14 ಮಿ.ಮೀ. ಅತ್ತಿತ್ತ ಓಲಾಡುತ್ತಿದೆ. ಸಾಮಾನ್ಯವಾಗಿ ಕಾರುಗಳಿಗೆ 0.05ರಿಂದ 0.10ರ ಒಳಗೆ ಇರಬೇಕು ಅಂತ ಹೇಳುತ್ತಾರೆ. ಕೂದಲೆಳೆಯ ಲೆಕ್ಕದಲ್ಲಿ ನೋಡಿದರೆ ಎರಡು ಕೂದಲು. ಅಷ್ಟಕ್ಕೇ ಇಡೀ ಗಾಡಿ ನಡುಗುತ್ತದಾ ಅಂತ ನನಗೂ ಅನ್ನಿಸಿತ್ತು.

ನೇರವಾಗಿ ಅಲ್ಲ. ಇಲ್ಲಿ ನಡೆಯುವುದು ಸ್ವಲ್ಪ ನಿಧಾನದ ಕೆಲಸ, ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ. ಡಿಸ್ಕ್ ವಾರೆಯಾಗಿ ಕೂತಿದ್ದರೆ ಬ್ರೇಕ್ ಒತ್ತದೇ ಇದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗಿ ಹೋಗುತ್ತದೆ. ನನ್ನ ಟಯರಿನ ಅಳತೆಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 11 ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಪ್ರತಿ ಸುತ್ತಿಗೂ ಅದೇ ಜಾಗ ಸವರಿಕೊಂಡು ಹೋಗಿ ಸಾವಿರಾರು ಕಿ.ಮೀ. ಆದ ಮೇಲೆ ಅಲ್ಲಿ ಡಿಸ್ಕ್ ತೆಳ್ಳಗಾಗುತ್ತದೆ. ಈಗ ಬ್ರೇಕ್ ಒತ್ತಿದರೆ ದಪ್ಪ ಜಾಗ ಬಂದಾಗ ಪಿಸ್ಟನ್ ಹಿಂದಕ್ಕೆ ಹೋಗುತ್ತದೆ, ತೆಳು ಜಾಗ ಬಂದಾಗ ಮುಂದಕ್ಕೆ. ಅದು ಆಯಿಲ್ ಮೂಲಕ ಪೆಡಲಿಗೆ, ಹಿಡಿತದ ಏರಿಳಿತ ಸ್ಟೇರಿಂಗಿಗೆ. ಹೊಸ ಡಿಸ್ಕ್ ಹಾಕಿದ ದಿನ ಎಲ್ಲಾ ಸರಿ ಇರುವುದು, ಐದಾರು ತಿಂಗಳು ಬಿಟ್ಟು ಅದುರಲು ಶುರುವಾಗುವುದು ಇದೇ ಕಾರಣಕ್ಕೆ. ಪ್ಯಾಡಿನ ಮಸಾಲೆ (ಉಜ್ಜುವ ಪದರ) ಒಂದೊಂದು ಕಡೆ ಡಿಸ್ಕಿಗೆ ಅಂಟಿಕೊಂಡರೂ ಹೀಗೇ ಆಗುತ್ತದೆ, ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಮೈಕ್ರೋಮೀಟರ್ ಹಾಕಿ ಎಂಟು ಕಡೆ ದಪ್ಪ ಅಳೆದೆ. ಅತಿ ದಪ್ಪ, ಅತಿ ತೆಳು ಜಾಗಗಳ ನಡುವೆ 0.04 ಮಿ.ಮೀ. ವ್ಯತ್ಯಾಸ. 0.02ರ ಆಸುಪಾಸಿಗೇ ಕಾಲಿಗೆ ಗೊತ್ತಾಗಲು ಶುರುವಾಗುತ್ತದೆ. ಇನ್ನೊಂದು ವಿಷಯ: ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕಂಪನಿಯವರೇ ಅಚ್ಚೊತ್ತಿರುತ್ತಾರೆ, ತುಕ್ಕು ಒರೆಸಿದರೆ ಕಾಣುತ್ತದೆ. ನನ್ನದು ಆ ಸಂಖ್ಯೆಗಿಂತ ಬರೀ 0.3 ಮಿ.ಮೀ. ಜಾಸ್ತಿ ಇತ್ತು. ಕೆರೆಸಿದ್ದರಿಂದ ಆಯುಷ್ಯ ಅಷ್ಟು ಕಡಿಮೆಯಾಗಿತ್ತು. ಇನ್ನೊಮ್ಮೆ ಕೆರೆಸುವ ಮಾತೇ ಇಲ್ಲ.

ಕ್ಯಾಲಿಪರ್ ಕೂರುವ ಬ್ರಾಕೆಟ್ಟಿಗೆ 17 ನಂಬರಿನ ಎರಡು ಬೋಲ್ಟು. ಇವು ಬಹಳ ಬಿಗಿ. ಸಣ್ಣ ಪಾನಾದಲ್ಲಿ ಎಳೆಯಲು ಹೋಗಿ ಬೋಲ್ಟಿನ ತಲೆ ಹಾಳು ಮಾಡಿಕೊಳ್ಳಬೇಡಿ, ಆರು ಮೂಲೆಯ ಸಾಕೆಟ್ಟಿಗೆ ಉದ್ದದ ಹಿಡಿಕೆ ಹಾಕಿ. ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ, ಎರಡೂ "ಟಕ್" ಅಂತ ಬಿಟ್ಟವು.

ಡಿಸ್ಕ್ ಬಿಡಲಿಲ್ಲ. ಕರಾವಳಿಯ ಗಾಡಿ ಅಂದರೆ ಇದೇ ಪಾಡು. ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಡಿಸ್ಕೂ ಹಬ್ಬೂ ತುಕ್ಕಿನಲ್ಲಿ ಬೆಸುಗೆ ಹಾಕಿದಂತೆ ಒಂದಾಗಿರುತ್ತವೆ. ತುಂಬಾ ಜನ ಇಲ್ಲಿ ಸುತ್ತಿಗೆ ತಗೊಂಡು ಹಿಂದಿನಿಂದ ಬಡಿಯುತ್ತಾರೆ, ಆ ಪೆಟ್ಟೆಲ್ಲಾ ಹೋಗಿ ಬೀಳುವುದು ವೀಲ್ ಬೇರಿಂಗಿಗೆ. ಅದರ ಅಗತ್ಯವೇ ಇಲ್ಲ. ಡಿಸ್ಕಿನ ಮುಖದ ಮೇಲೆ, ಚಕ್ರದ ನಟ್ಟು ಹಾಕುವ ಸ್ಟಡ್ಡುಗಳ ನಡುವೆ, ಎರಡು ಸಣ್ಣ ತೂತು ಇವೆ. ತುಕ್ಕು ತುಂಬಿ ಕಾಣುತ್ತಿರಲಿಲ್ಲ, ಮೊಳೆಯಿಂದ ಕೆರೆದಾಗ ಒಳಗೆ ಮರೆ (ಥ್ರೆಡ್) ಕಂಡಿತು. 8 ಎಂ.ಎಂ. ಬೋಲ್ಟು ಅದಕ್ಕೆ ಸರಿಯಾಗಿ ಕೂರುತ್ತದೆ. ಡಿಸ್ಕನ್ನು ತಳ್ಳಿ ಹೊರಗೆ ತರಲಿಕ್ಕೆಂದೇ ಸುಜುಕಿಯವರು ಕೊಟ್ಟ ವ್ಯವಸ್ಥೆ ಇದು. ಎರಡು ಬೋಲ್ಟು ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು, ಹೀಗೆ ಬಿಗಿಯುತ್ತಾ ಹೋದೆ. ಬಿಗಿ ಜಾಸ್ತಿಯಾಗುತ್ತಾ ಬಂತು, ಇನ್ನು ಬೋಲ್ಟೇ ಮುರಿಯುತ್ತದೇನೋ ಅನ್ನುವಾಗ ನಿಲ್ಲಿಸಿ, ಮಧ್ಯದಲ್ಲಿ ಇನ್ನೊಮ್ಮೆ ಎಣ್ಣೆ ಹೊಡೆದು, ಚಹಾ ಕುಡಿದು ಬಂದೆ. ಮತ್ತೆ ಕಾಲು ಸುತ್ತು. "ಟಣ್" ಅಂತ ದೇವಸ್ಥಾನದ ಗಂಟೆಯ ತರ ಶಬ್ದ ಬಂತು, ಡಿಸ್ಕ್ ಸಡಿಲವಾಗಿ ಕೈಗೆ ಬಂತು. ಮಗ ಓಡಿ ಬಂದ, ಏನೋ ಒಡೆಯಿತು ಅಂತ.

ಈಗ ಹಬ್ ಮುಖ ಕಂಡಿತು. ಇದನ್ನು ನೋಡಲಿಕ್ಕೇ ನಾನು ಇಷ್ಟೆಲ್ಲಾ ಮಾಡಿದ್ದು.

ಅಂಗೈ ಅಗಲದ ಆ ಮುಖದ ಮೇಲೆ ತುಕ್ಕು ಪದರ ಪದರವಾಗಿ ಕೂತಿತ್ತು, ಹಳೇ ಹಂಚಿನ ಮೇಲೆ ಸುಟ್ಟ ದೋಸೆ ಹಿಟ್ಟು ಕಟ್ಟಿದ ಹಾಗೆ. ಒಂದು ಸ್ಟಡ್ಡಿನ ಬುಡದಲ್ಲಿ ದಪ್ಪ ಚಕ್ಕೆ. ಅದರ ಮೇಲೆ ಡಿಸ್ಕ್ ಒತ್ತಿ ಒತ್ತಿ ನುಣುಪಾಗಿ ಹೊಳೆಯುತ್ತಿತ್ತು, ಸುತ್ತಲಿನ ಜಾಗ ಒರಟು ಕಂದು ಬಣ್ಣ. ಅಂದರೆ ಡಿಸ್ಕ್ ಈ ಚಕ್ಕೆಯ ಮೇಲೆ ಕೂತಿತ್ತು, ಹಬ್ಬಿನ ಮೇಲೆ ಅಲ್ಲ. ಎರಡು ವರ್ಷದ ಹಿಂದೆ ಹೊಸ ಡಿಸ್ಕ್ ಹಾಕಿದಾಗ ಈ ಮುಖವನ್ನು ಯಾರೂ ಒರೆಸಿರಲಿಲ್ಲ. ಕೆರೆಸಿ ತಂದಾಗಲೂ ಇಲ್ಲ. ನನಗೆ ನಿಜವಾಗಿ ಬೇಜಾರಾಯಿತು, ದುಡ್ಡಿಗಿಂತ ಜಾಸ್ತಿ ಆ ಘಾಟಿಯಲ್ಲಿ ಮನೆಮಂದಿಯನ್ನೆಲ್ಲಾ ಕೂರಿಸಿಕೊಂಡು ಓಡಾಡಿದ್ದು ನೆನಪಾಗಿ. ಹತ್ತು ನಿಮಿಷದ ಕೆಲಸ ಇದು.

ಲೆಕ್ಕ ಹಾಕಿ ನೋಡಿ. ಹಬ್ ಮುಖ ಸುಮಾರು 14 ಸೆಂ.ಮೀ. ಅಗಲ ಅಂತ ಇಟ್ಟುಕೊಳ್ಳೋಣ, ಗೇಜಿನ ಮುಳ್ಳು ತಾಗುವ ವೃತ್ತ 24 ಸೆಂ.ಮೀ. ಹಬ್ಬಿನ ಒಂದು ಅಂಚಿನಲ್ಲಿ 0.1 ಮಿ.ಮೀ. ಚಕ್ಕೆ ಇದ್ದರೆ ಡಿಸ್ಕಿನ ಅಂಚಿಗೆ ಬರುವಾಗ ಅದು 0.17 ಆಗಿರುತ್ತದೆ. ಕಣ್ಣಿಗೆ ಕಾಣದ ತುಕ್ಕು ಅಲ್ಲಿ ಗುಣಿಸಿಕೊಂಡು ಹೋಗುತ್ತದೆ.

ದಪ್ಪ ಚಕ್ಕೆಯನ್ನು ಹಳೇ ಉಳಿಯಿಂದ ಮಲಗಿಸಿ ಹಿಡಿದು ಕೆರೆದೆ. ಆಮೇಲೆ ವೈರ್ ಬ್ರಷ್, ಆಮೇಲೆ 120ರ ಎಮರಿ ಪೇಪರ್. ಸ್ಟಡ್ಡುಗಳ ಬುಡವೇ ಕಷ್ಟ, ಬ್ರಷ್ ಹೋಗುವುದಿಲ್ಲ. ಒಂದು ಹಳೇ ಸಾಕೆಟ್ಟಿನ ಬಾಯಿಗೆ ಎಮರಿ ಪೇಪರ್ ಅಂಟಿಸಿ ಸ್ಟಡ್ಡಿನ ಮೇಲೆ ತೂರಿಸಿ ತಿರುಗಿಸಿದೆ, ಚೆನ್ನಾಗಿ ಬಂತು. ಮಧ್ಯದ ಉಂಗುರದ ಸುತ್ತಲೂ ಉಜ್ಜಿದೆ. ಗ್ರೈಂಡರ್ ಬೇಡ, ಲೋಹವೇ ತಿಂದು ಹೋದರೆ ಹಬ್ಬೇ ಬದಲಾಯಿಸಬೇಕು. ತುಕ್ಕು ಹೋಗಿ ಕಬ್ಬಿಣದ ಬೂದು ಬಣ್ಣ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ. ಉಗುರಿನಿಂದ ಸವರಿ ನೋಡಿ, ಎಲ್ಲೂ ತಡೆಯಬಾರದು. ಈ ಕೆಲಸಕ್ಕೆ ನನಗೆ ಒಂದು ಕಡೆಗೆ ಮುಕ್ಕಾಲು ಗಂಟೆ ಹಿಡಿಯಿತು, ಮೊದಲ ಸಲ ಆದ ಕಾರಣ. ಮಾಸ್ಕ್ ಹಾಕಿಕೊಳ್ಳಿ. ಬ್ರೇಕಿನ ಪುಡಿಯನ್ನು ಬಾಯಿಂದ ಊದುವುದು, ಗಾಳಿ ಹೊಡೆಯುವುದು ಬೇಡ. ಕ್ಲೀನರ್ ಸ್ಪ್ರೇ ಹೊಡೆದು ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿರುತ್ತಾರೆ. ಎರಡೂ ಮುಖಕ್ಕೆ ಕ್ಲೀನರ್ ಹೊಡೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಏನೂ ಹತ್ತದ ತನಕ ಮಾಡಿದೆ. ಹಬ್ ಮೇಲೆ ಕೂರಿಸಿ, ಮತ್ತೆ ನಟ್ಟು ವಾಷರ್ ಬಿಗಿದು, ಗೇಜ್ ಹಚ್ಚಿದೆ. ಮಗ ತಾನಾಗಿಯೇ ಬಂದು ಕೂತ. "ಮೂರು ಗೀಟು ಅಪ್ಪಾ, ಬರೀ ಮೂರು." 0.14 ಇದ್ದದ್ದು 0.03ಕ್ಕೆ ಬಂತು. ನಾನು ಇನ್ನೆರಡು ಸಲ ತಿರುಗಿಸಿ ನೋಡಿದೆ, ನಂಬಲಿಕ್ಕೆ.

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗವೂ ತುಕ್ಕಿನಿಂದ ಉಬ್ಬಿತ್ತು. ಸ್ಟೀಲ್ ಕ್ಲಿಪ್ಪು ತೆಗೆದು ಅದರ ಅಡಿಯನ್ನು ಅರದಿಂದ ಲೈಟಾಗಿ ಉಜ್ಜಿ ಸಮ ಮಾಡಿದೆ. ಪ್ಯಾಡ್ ಕೈಬೆರಳಲ್ಲಿ ತಳ್ಳಿದರೆ ಜಾರಬೇಕು, ಸುತ್ತಿಗೆಯಲ್ಲಿ ಬಡಿದು ಕೂರಿಸುವ ಹಾಗೆ ಇರಬಾರದು. ಪಿನ್ನು ಎರಡನ್ನೂ ಒರೆಸಿ, ಅದರ ತೂತುಗಳ ಒಳಗನ್ನೂ ಕ್ಲೀನರ್ ಹಾಕಿ ಶುಚಿ ಮಾಡಿ, ಉಬ್ಬಿದ ರಬ್ಬರ್ ಬದಲಾಯಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ ಹಾಕಿದೆ. ರಬ್ಬರಿಗೆ ಮಾತ್ರ ಅಂಗಡಿಗೆ ಇನ್ನೊಂದು ಸಲ ಓಡಬೇಕಾಯಿತು, ನೀವು ಮೊದಲೇ ತಂದಿಟ್ಟುಕೊಳ್ಳಿ.

ಪಿಸ್ಟನ್ ತಳ್ಳಲು ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ತಿರುಗಿಸಿದೆ. ಸುತ್ತಲಿನ ರಬ್ಬರ್ ಹರಿದಿಲ್ಲ, ಆಯಿಲ್ ಒಸರಿಲ್ಲ ಅಂತ ನೋಡಿಕೊಂಡೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕೆಲವು ಗಾಡಿಗಳಲ್ಲಿ ಹಿಂದಿನ ಪಿಸ್ಟನ್ ಹೀಗೆ ತಳ್ಳಿದರೆ ಹೋಗುವುದಿಲ್ಲ, ತಿರುಗಿಸಿ ಒಳಗೆ ಹಾಕಬೇಕು. ಮುಂದಿನದಕ್ಕೆ ಆ ತಾಪತ್ರಯ ಇಲ್ಲ. ಸವೆತ ಮುಗಿದಾಗ ಕೀಚು ಶಬ್ದ ಮಾಡುವ ಸಣ್ಣ ತಗಡು ಇರುವ ಪ್ಯಾಡು ಯಾವ ಕಡೆ ಇತ್ತು ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟಿದ್ದೆ, ಹಾಗೇ ಹಾಕಿದೆ. ಬ್ರಾಕೆಟ್ಟಿನ ಬೋಲ್ಟು ಟಾರ್ಕ್ ರೆಂಚಿನಲ್ಲಿ 85 ನ್ಯೂಟನ್ ಮೀಟರ್, ಚಕ್ರದ ನಟ್ಟೂ ಅಷ್ಟೇ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು. ಚಕ್ರದ ನಟ್ಟನ್ನು ಎದುರುಬದುರು ಬಿಗಿಯಬೇಕು, ಎರಡು ಸುತ್ತಿನಲ್ಲಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಡಿಸ್ಕ್ ಮತ್ತೆ ವಾರೆ ಕೂರಬಹುದು.

ಬಲಗಡೆ ಅರ್ಧ ಸಮಯದಲ್ಲಿ ಮುಗಿಯಿತು, ಅದರ ಪಿನ್ನುಗಳು ಸರಿ ಇದ್ದವು. ಒಂದೇ ಒಂದು ವಿಷಯ ಹೇಳಬೇಕು. ಹಬ್ ಉಜ್ಜಿ ಹೊಸ ಡಿಸ್ಕ್ ಹಾಕಿದ ಮೇಲೂ ಗೇಜು 0.07 ತೋರಿಸಿತು. ಗೆಳೆಯ ಹೇಳಿಕೊಟ್ಟಿದ್ದ ಉಪಾಯ ಮಾಡಿದೆ: ಡಿಸ್ಕ್ ತೆಗೆದು ಒಂದು ಸ್ಟಡ್ಡಿನಷ್ಟು ತಿರುಗಿಸಿ ಮತ್ತೆ ಹಾಕಿದೆ. 0.04ಕ್ಕೆ ಇಳಿಯಿತು. ಹಬ್ಬಿನಲ್ಲಿ ಸ್ವಲ್ಪ ಓರೆ, ಡಿಸ್ಕಿನಲ್ಲಿ ಸ್ವಲ್ಪ ಓರೆ ಇದ್ದರೆ ಎರಡೂ ಒಂದೇ ಕಡೆ ಸೇರಿದಾಗ ಜಾಸ್ತಿ, ಎದುರುಬದುರಾದಾಗ ಕಡಿಮೆ. ಕೆಳಗಿಳಿಸುವ ಮೊದಲು ಡಿಸ್ಕಿಗೂ ಸ್ಟಡ್ಡಿಗೂ ಪೇಂಟಿನಲ್ಲಿ ಒಂದು ಗುರುತು ಹಾಕಿದೆ, ಮುಂದೆ ಯಾರು ಬಿಚ್ಚಿದರೂ ಹಾಗೇ ಹಾಕಲಿ ಅಂತ.

ಇನ್ನು ಎಲ್ಲಕ್ಕಿಂತ ಮುಖ್ಯ ಮಾತು. ಗಾಡಿ ಒಂದಿಂಚು ಅಲುಗಿಸುವ ಮೊದಲು ಬ್ರೇಕ್ ಪೆಡಲ್ ಒತ್ತಿ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದೇ ಇಲ್ಲ. ನಾಲ್ಕೈದು ಸಲ ನಿಧಾನಕ್ಕೆ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಮರೆತು ಸ್ಟಾರ್ಟ್ ಮಾಡಿ ಗೇಟಿಗೋ ಗೋಡೆಗೋ ಹೋಗಿ ಗುದ್ದುವುದು ತೀರಾ ಸುಲಭ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ, ಮುಚ್ಚಳ ಬಿಗಿದು, ಅಂಗಳದಲ್ಲೇ ಮುಂದೆ ಹಿಂದೆ ಎರಡು ಸಲ ನಿಲ್ಲಿಸಿ ನೋಡಿದೆ. ಅಷ್ಟು ಸಲ ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ಗಾಡಿ ಹೊರಗೆ ತೆಗೆಯಬೇಡಿ, ಎಲ್ಲೋ ಗಾಳಿ ಸೇರಿದೆ ಅಥವಾ ಸೋರುತ್ತಿದೆ.

ಮರುದಿನ ಭಾನುವಾರ ಬೆಳಗ್ಗೆ ಆರಕ್ಕೆ ಎದ್ದು ಹಿರಿಯಡ್ಕ ದಾಟಿ ಹೆಬ್ರಿ ರಸ್ತೆಗೆ ಹೋದೆ, ಪ್ಯಾಡ್ ಕೂರಿಸಲಿಕ್ಕೆ. ಆ ಹೊತ್ತಿಗೆ ಹಿಂದೆ ಮುಂದೆ ಗಾಡಿ ಇರುವುದಿಲ್ಲ. 60ಕ್ಕೆ ಏರಿಸಿ, ಮಧ್ಯಮ ಒತ್ತಿನಲ್ಲಿ 15ರ ತನಕ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು. ಹೀಗೆ ಹತ್ತು ಸಲ. ಆಮೇಲೆ ಐದಾರು ಕಿ.ಮೀ. ಬ್ರೇಕ್ ಮುಟ್ಟದ ಹಾಗೆ ಓಡಿಸಿ ತಣ್ಣಗಾಗಲು ಬಿಡುವುದು. ಇದರಿಂದ ಪ್ಯಾಡಿನ ಮಸಾಲೆ ಡಿಸ್ಕಿನ ಮೇಲೆ ಸಮನಾಗಿ ತೆಳ್ಳಗೆ ಹತ್ತುತ್ತದೆ. ಬಿಸಿಯಾಗಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಕೊಂಡೇ ಕೂತರೆ ಆ ಒಂದು ಜಾಗದಲ್ಲಿ ಪ್ಯಾಡಿನ ಅಚ್ಚು ಅಂಟಿಕೊಳ್ಳುತ್ತದೆ. ಮುಂದೆ ಅದೂ ಅದುರುವಿಕೆಗೆ ದಾರಿ. ಘಾಟಿ ಇಳಿದ ಕೂಡಲೇ ಸೋಮೇಶ್ವರದ ಹತ್ತಿರ ಚಹಾಕ್ಕೆ ನಿಲ್ಲಿಸುವವರು ಪೆಡಲ್ ಬಿಟ್ಟು ಗೇರಿನಲ್ಲಿ, ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸಿ.

ಘಾಟಿಯ ಮಾತು ಬಂತಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ನಮ್ಮ ಮಾವ ಯಾವಾಗಲೂ ಹೇಳುತ್ತಾರೆ, ಅದು ನೂರಕ್ಕೆ ನೂರು ಸರಿ. ಬರೀ ಬ್ರೇಕಿನಲ್ಲೇ ಇಳಿದರೆ ಅದು ಕಾದು ಆಯಿಲ್ ಕುದಿಯಬಹುದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಅದೇ ಆಯಿಲಿನ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ, ಅದೂ ಬ್ರೇಕ್ ತುಂಬಾ ಬೇಕಾದ ಹೊತ್ತಿನಲ್ಲೇ. ನಮ್ಮ ಕರಾವಳಿಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವುದು ಒಳ್ಳೆಯದು.

ಡಿಸೆಂಬರಿನಲ್ಲಿ ತೀರ್ಥಹಳ್ಳಿಗೆ ಹೋಗಿ ಬಂದೆವು. ಇಳಿಯುವಾಗ ಸ್ಟೇರಿಂಗನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ಗಮನಿಸುತ್ತಾ ಇದ್ದೆ, 14 ತಿರುವಿನಲ್ಲೂ ಎಳ್ಳಷ್ಟೂ ಅದುರಲಿಲ್ಲ. ಆದರೆ ಹೊಸ ಡಿಸ್ಕ್ ಹಾಕಿದ ಹೊಸತರಲ್ಲಿ ಹಿಂದಿನ ಸಲವೂ ಹೀಗೇ ಇತ್ತು, ಹಾಗಾಗಿ ಅಲ್ಲಿಗೆ ನಂಬಲಿಲ್ಲ. ಈಗ 8,000 ಕಿ.ಮೀ. ಆಯಿತು, ಹೋದ ಸಲ ತೊಂದರೆ ಶುರುವಾದ ಹಂತ ಇದು. ಮೊನ್ನೆ ಚಕ್ರ ಬಿಚ್ಚಿ ಮತ್ತೆ ಅಳೆದೆ. ಎಡಗಡೆ 0.03, ಬಲಗಡೆ 0.04, ಒಂದು ಗೀಟೂ ಬದಲಾಗಿಲ್ಲ. ಎಂಟೂ ಕಡೆ ದಪ್ಪ ಒಂದೇ, ಒಳಗಿನ ಪ್ಯಾಡು ಹೊರಗಿನ ಪ್ಯಾಡು ಸಮನಾಗಿ ಸವೆದಿವೆ. ಡಯಲ್ ಗೇಜನ್ನು ಗೆಳೆಯನಿಗೆ ವಾಪಸ್ ಕೊಟ್ಟು, ಹಳೇ ಡಿಸ್ಕ್ ಎರಡನ್ನೂ ಗುಜರಿಗೆ ಹಾಕಿ ಬಂದೆ. ಮುಂದಿನ ವಾರ ಹಿಂದಿನ ಡ್ರಮ್ ಬಿಚ್ಚುವುದಿದೆ.